ಡಿವಿಡಿ ಡ್ರೈವ್ ಕೈಕೊಟ್ಟಿದೆ: ಕೇಬಲ್ಲೋ, ಬೆಲ್ಟೋ, ಲೆನ್ಸೋ? ಹೊಸದೇ ಹಾಕಬೇಕೋ?

ಕಾಳಿದಂಡೆ (ಸದಾಶಿವಗಡ)
ಎಲ್ಲರಿಗೂ ನಮಸ್ಕಾರ. ಮನೆಯ ಡೆಸ್ಕ್‌ಟಾಪಿನ ಡಿವಿಡಿ ರೈಟರ್ ಸತಾಯಿಸ್ತಾ ಇದೆ. ಲಕ್ಷಣ ಇಷ್ಟು:

ಟ್ರೇ ಗುಂಡಿ ಒತ್ತಿದರೆ ಒಳಗೆ ‘ಗುರ್’ ಅಂತ ಸದ್ದು ಬರುತ್ತೆ, ಟ್ರೇ ಬರಲ್ಲ. ಮೂರ್ನಾಲ್ಕು ಸಲ ಒತ್ತಿದ ಮೇಲೆ ಬರುತ್ತೆ. ಆಡಿಯೊ ಸಿಡಿ ಹಾಕಿದರೆ ಹಾಡುತ್ತೆ. ಡಿವಿಡಿ ಹಾಕಿದರೆ ಹತ್ತು ಹದಿನೈದು ಸೆಕೆಂಡು ತಡಕಾಡಿ ‘ಡಿಸ್ಕ್ ಹಾಕಿ’ ಅನ್ನುತ್ತೆ. ಈ ವಾರದಿಂದ ಇನ್ನೊಂದು ಸೇರಿಕೊಂಡಿದೆ. ‘ದಿಸ್ ಪಿಸಿ’ಯಲ್ಲಿ ಡ್ರೈವ್ ಒಮ್ಮೆ ಕಾಣುತ್ತೆ, ಒಮ್ಮೆ ಮಾಯ.

ಯಂತ್ರ 2013ರದ್ದು, ಸಾಟಾ (ತೆಳು ಕೇಬಲ್ಲಿನ ಜೋಡಣೆ) ಡ್ರೈವ್, ವಿಂಡೋಸ್ 10. ಯಕ್ಷಗಾನದ್ದು, ಮದುವೆ ಮುಂಜಿಯದ್ದು ಎಲ್ಲ ಸೇರಿ ಸುಮಾರು 60 ಡಿವಿಡಿ ಇವೆ, ಹಾರ್ಡ್ ಡಿಸ್ಕಿಗೆ ಇಳಿಸಬೇಕು. ಅಂಗಡಿಯಲ್ಲಿ ‘ಇದಕ್ಕೆ ರಿಪೇರಿ ಇಲ್ಲ, ಬಿಸಾಡಿ’ ಅಂದರು. ಅಷ್ಟೇನಾ?

ಅಂಕೋಲೆ ಇಶಾಡು
ಯುಎಸ್‌ಬಿ ಡಿವಿಡಿ ಡ್ರೈವ್ ತಗೊಳ್ಳಿ. ಚುಚ್ಚಿದರೆ ಆಯ್ತು. ಸ್ಕ್ರೂ ಬಿಚ್ಚೋ ಕೆಲಸವೇ ಇಲ್ಲ.

ಕುಮಟಾ ಸ್ಕ್ರೂಡ್ರೈವರ್
ತಡೀರಿ ಇಶಾಡು ಅವರೇ, ಖರ್ಚು ಮಾಡಿಸೋಕೆ ಮುಂಚೆ ರೋಗ ಏನಂತ ನೋಡೋಣ.

ಕಾಳಿದಂಡೆ ಅವರೇ, ನೀವು ಹೇಳಿದ್ದು ಒಂದು ರೋಗ ಅಲ್ಲ, ಮೂರು. ಟ್ರೇ ಬರದೇ ಇರೋದು ಬೆಲ್ಟಿನ ಕೆಲಸ. ಡಿವಿಡಿ ಓದದೇ ಇರೋದು ಲೆನ್ಸು ಇಲ್ಲವೇ ಲೇಸರ್. ಡ್ರೈವೇ ಮಾಯ ಆಗೋದಕ್ಕೂ ಈ ಎರಡಕ್ಕೂ ಸಂಬಂಧ ಇಲ್ಲ, ಅದು ಬಹುಪಾಲು ಕೇಬಲ್ ಅಥವಾ ಪೋರ್ಟು. ಮೂರನ್ನೂ ಒಟ್ಟಿಗೆ ಕಲಸಿದರೆ ಹೊಸ ಡ್ರೈವ್ ಹಾಕಿದ ಮೇಲೂ ಅದು ಮಾಯವಾಗುತ್ತಲೇ ಇರುತ್ತದೆ, ಆಗ ಹೊಸದಕ್ಕೂ ಬೈಗುಳ.

ಮೊದಲು ಇದನ್ನು ನೋಡಿ ಹೇಳಿ. ಕಂಪ್ಯೂಟರ್ ಆನ್ ಮಾಡುತ್ತಿದ್ದ ಹಾಗೆ ಡಿಲೀಟ್ ಅಥವಾ ಎಫ್2 ಒತ್ತಿ, ವಿಂಡೋಸ್ ಏಳುವ ಮುಂಚಿನ ಸೆಟ್ಟಿಂಗ್ ಪರದೆಯಾದ ಬಯಾಸ್‌ಗೆ ಹೋಗಿ. ಸಾಟಾ ಪಟ್ಟಿಯಲ್ಲಿ ಡ್ರೈವಿನ ಹೆಸರು ಇದೆಯಾ? ಐದಾರು ಸಲ ರೀಸ್ಟಾರ್ಟ್ ಮಾಡಿ ನೋಡಿ. ಬಯಾಸ್‌ನಲ್ಲೇ ಒಮ್ಮೆ ಇದ್ದು ಒಮ್ಮೆ ಇಲ್ಲ ಅಂದರೆ ವಿಂಡೋಸ್ ಮುಟ್ಟಲೇಬೇಡಿ, ತೊಂದರೆ ವೈರಿನಲ್ಲಿದೆ. ಬಯಾಸ್‌ನಲ್ಲಿ ಪ್ರತಿ ಸಲ ಕಂಡು ವಿಂಡೋಸ್‌ನಲ್ಲಿ ಮಾತ್ರ ಇಲ್ಲದಿದ್ದರೆ ಆಗ ಡ್ರೈವರ್, ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಜಾಗ) ಅಂತ ಯೋಚನೆ ಮಾಡೋಣ.

ಯಲ್ಲಾಪುರ ಘಟ್ಟ
ರಿಜಿಸ್ಟ್ರಿಯಲ್ಲಿ ಅಪ್ಪರ್‌ಫಿಲ್ಟರ್ಸ್, ಲೋಯರ್‌ಫಿಲ್ಟರ್ಸ್ ಡಿಲೀಟ್ ಮಾಡಿ ರೀಸ್ಟಾರ್ಟ್ ಮಾಡಿದರೆ ಸಾಕು. ಇದು ಹಳೇ ಮದ್ದು, ಎಲ್ಲರಿಗೂ ಗೊತ್ತು.

ಕುಮಟಾ ಸ್ಕ್ರೂಡ್ರೈವರ್
ಘಟ್ಟದವರೇ, ಮದ್ದು ಸರಿ, ರೋಗ ಬೇರೆ. ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವಿನ ಮೇಲೆ ಹಳದಿ ಗುರುತು ಇದ್ದು ಕೋಡ್ 19, 32, 39 ಅಥವಾ 41 ಅಂತ ಬಂದರೆ ಮಾತ್ರ ಆ ಫಿಲ್ಟರ್ ತೆಗೆಯೋದು. ಹಳೇ ಬರ್ನಿಂಗ್ ಸಾಫ್ಟ್‌ವೇರ್ ಅರ್ಧಂಬರ್ಧ ಅನ್‌ಇನ್‌ಸ್ಟಾಲ್ ಆದಾಗ ಉಳಿಯುವ ಕಸ ಅದು. ಕ್ಲಾಸ್ ಅನ್ನೋ ಕೀ ಒಳಗೆ 4ಡಿ36ಇ965 ಅಂತ ಶುರುವಾಗುವ ಉಪಕೀಯಲ್ಲೇ ಇರುತ್ತದೆ. ಪಕ್ಕದ 4ಡಿ36ಇ967 ಹಾರ್ಡ್ ಡಿಸ್ಕಿನದ್ದು. ಅಲ್ಲಿಯ ಫಿಲ್ಟರ್ ಅಳಿಸಿದರೆ ವಿಂಡೋಸ್ ಮೇಲೆ ಏಳದೇ ಹೋಗಬಹುದು. ಅಳಿಸೋ ಮುಂಚೆ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಬೇಕು. ಇದನ್ನ ಹೇಳದೆ ‘ಡಿಲೀಟ್ ಮಾಡಿ’ ಅಂತ ಒಂದು ಸಾಲು ಬರೆಯೋದು ಅಪಾಯ.

ಯಲ್ಲಾಪುರ ಘಟ್ಟ
ಒಪ್ಪಿದೆ. 965, 967 ವ್ಯತ್ಯಾಸ ಬರೆಯಬೇಕಿತ್ತು.

ಶಿರಸಿ ಸರ್ಕೀಟು
ಸದಾಶಿವಗಡ ಅಂದ ಮೇಲೆ ನನ್ನ ಅನುಮಾನ ಪೂರ್ತಿ ಉಪ್ಪಿನ ಮೇಲೆ. ಗಾಳಿಯ ತೇವ 75 ಶೇಕಡಾ ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಂಡು ಕರಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾಗೋದು ಅದಕ್ಕೇ. ಅದೇ ಉಪ್ಪಿನ ಸಣ್ಣ ಕಣ ಕ್ಯಾಬಿನೆಟ್ ಒಳಗಿನ ಧೂಳಿನ ಜೊತೆ ಕನೆಕ್ಟರ್ ಮೇಲೆ ಕೂತರೆ ಅಲ್ಲೊಂದು ಒದ್ದೆ ಪದರ ಆಗ್ತದೆ, ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ಘಟ್ಟದ ಮೇಲೆ ಬೂಷ್ಟು ಹೆಚ್ಚು, ಕೆಳಗೆ ಕಿಲುಬು ಹೆಚ್ಚು.

ಮಾಡೋದು ಹೀಗೆ. ಶಟ್‌ಡೌನ್ ಮಾಡಿ, ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪೆಟ್ಟಿಗೆ) ಹಿಂದಿನ ಸ್ವಿಚ್ ಆಫ್, ಆಮೇಲೆ ಪ್ಲಗ್ಗನ್ನೇ ಕೀಳಿ. ಪವರ್ ಗುಂಡಿ ಐದು ಸೆಕೆಂಡು ಒತ್ತಿ ಹಿಡೀರಿ, ಉಳಿದ ಚಾರ್ಜ್ ಇಳಿಯುತ್ತದೆ. ಬಣ್ಣ ಇಲ್ಲದ ಕಬ್ಬಿಣದ ಭಾಗ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ. ಎಡಗಡೆ ಬಾಗಿಲು ತೆಗೆದರೆ ಡ್ರೈವಿನ ಹಿಂದೆ ಎರಡು ಕನೆಕ್ಟರ್ ಕಾಣ್ತದೆ. ಸಣ್ಣದು 7 ಪಿನ್ನಿನ ಡೇಟಾ, ಅಗಲದ್ದು 15 ಪಿನ್ನಿನ ಪವರ್. ಎರಡಕ್ಕೂ ‘ಎಲ್’ ಆಕಾರದ ತೋಡು ಇದೆ, ತಲೆಕೆಳಗೆ ಹೋಗೋದಿಲ್ಲ. ಒತ್ತಾಯ ಮಾಡಿದರೆ ಒಳಗಿನ ಪ್ಲಾಸ್ಟಿಕ್ ನಾಲಗೆ ಮುರಿಯುತ್ತದೆ.

ಎರಡನ್ನೂ ನೇರವಾಗಿ ಎಳೆದು ಮತ್ತೆ ಹಾಕಿ, ನಾಲ್ಕೈದು ಸಲ. ಮೇಲಿನ ಕಿಲುಬು ಉಜ್ಜಿ ಹೋಗಲಿಕ್ಕೆ ಅಷ್ಟೇ ಸಾಕು. ದಿನಾ ಇದನ್ನೇ ಮಾಡಬೇಡಿ. ಒಳಗಿನ ಸಾಟಾ ಕನೆಕ್ಟರ್ ಮಾಡಿರೋದೇ ಸುಮಾರು 50 ಸಲ ಹಾಕಿ ತೆಗೆಯೋ ಲೆಕ್ಕಕ್ಕೆ. ಆಮೇಲೂ ಸರಿಯಾಗದಿದ್ದರೆ ಡೇಟಾ ಕೇಬಲ್ ಬದಲಿಸಿ, ಕಬ್ಬಿಣದ ಲಾಚ್ ಇರುವಂಥದ್ದೇ ತಗೊಳ್ಳಿ.

ಹೊನ್ನಾವರ ಬಂದರು
ಕೇಬಲ್ ಜೊತೆಗೆ ಮದರ್‌ಬೋರ್ಡಿನ ಪೋರ್ಟನ್ನೂ ಬದಲಿಸಿ ನೋಡಿ. ಹಾರ್ಡ್ ಡಿಸ್ಕಿನ ಪೋರ್ಟು ಕೀಳಬೇಡಿ, ಖಾಲಿ ಇರೋದಕ್ಕೆ ಹಾಕಿ.

ಭಟ್ಕಳ ಮಲ್ಲಿಗೆ
ಹೊಸ ಬೋರ್ಡ್ ಇರುವವರಿಗೆ ಒಂದು ಮಾತು: ಎಷ್ಟೋ ಬೋರ್ಡುಗಳಲ್ಲಿ ಎಂ.2 ಎಸ್‌ಎಸ್‌ಡಿ (ಬೋರ್ಡಿಗೇ ನೇರ ಸಿಕ್ಕಿಸುವ ಸ್ಟೋರೇಜ್) ಹಾಕಿದ ಕೂಡಲೇ ಒಂದೋ ಎರಡೋ ಸಾಟಾ ಪೋರ್ಟ್ ಬಂದ್ ಆಗುತ್ತವೆ, ಎರಡಕ್ಕೂ ದಾರಿ ಒಂದೇ ಆಗಿರೋದರಿಂದ. ಎಸ್‌ಎಸ್‌ಡಿ ಹಾಕಿದ ದಿನದಿಂದ ಡಿವಿಡಿ ಡ್ರೈವ್ ಕಾಣ್ತಿಲ್ಲ ಅಂತ ಬರೆಯೋರಿಗೆಲ್ಲ ಉತ್ತರ ಇದೇ. ಬೋರ್ಡಿನ ಮ್ಯಾನ್ಯುಯಲ್‌ನಲ್ಲಿ ಯಾವ ಪೋರ್ಟ್ ಅಂತ ಪಟ್ಟಿ ಇರುತ್ತದೆ.

ಹೊನ್ನಾವರ ಬಂದರು
ಒಳ್ಳೇ ಅಂಶ ಅಕ್ಕ. ಇನ್ನೊಂದು, ಚಿಪ್‌ಸೆಟ್‌ನದ್ದಲ್ಲದ (ಬೋರ್ಡಿನ ಮುಖ್ಯ ಚಿಪ್ಪಿನದ್ದಲ್ಲದ) ಬೇರೆ ಕಂಟ್ರೋಲರಿನ ಪೋರ್ಟಿಗೆ ಹಾಕಿದರೆ ಕೆಲವು ಬೋರ್ಡುಗಳಲ್ಲಿ ಡಿವಿಡಿಯಿಂದ ಬೂಟ್ ಆಗೋದಿಲ್ಲ.

ಕಾಳಿದಂಡೆ (ಸದಾಶಿವಗಡ)
ಬಯಾಸ್ ನೋಡಿದೆ. ಆರು ಸಲದಲ್ಲಿ ಎರಡು ಸಲ ಡ್ರೈವ್ ಇರಲಿಲ್ಲ. ಇಲ್ಲದಾಗಲೂ ಟ್ರೇ ಮಾತ್ರ ಅದೇ ಥರ ‘ಗುರ್’ ಅಂತ ಒದ್ದಾಡ್ತಿತ್ತು. ಡೇಟಾ ಕೇಬಲ್ ಬಿಚ್ಚಿದರೆ ತುದಿಯಲ್ಲಿ ಹಸಿರು ಛಾಯೆ. ಬೇರೆ ಕೇಬಲ್, ಬೇರೆ ಪೋರ್ಟ್ ಹಾಕಿದೆ. ಈಗ ಹತ್ತು ರೀಸ್ಟಾರ್ಟಿನಲ್ಲಿ ಹತ್ತೂ ಸಲ ಕಂಡಿದೆ. ಟ್ರೇ ಮತ್ತು ಡಿವಿಡಿ ತೊಂದರೆ ಹಾಗೇ ಇದೆ.

ಶಿರಸಿ ಸರ್ಕೀಟು
ಹೌದಲ್ದಾ! ಹಸಿರು ಅಂದರೆ ಕಿಲುಬೇ. ಡ್ರೈವ್ ಕಾಣದಿದ್ದಾಗಲೂ ಟ್ರೇ ಸದ್ದು ಮಾಡ್ತಿತ್ತು ಅಂದಿರಲ್ಲ, ಅದು ತುಂಬ ಒಳ್ಳೇ ಸುಳಿವು. ಟ್ರೇಗೆ ಕರೆಂಟು ಸಾಕು, ಡೇಟಾ ಕೇಬಲ್ ಬೇಕಿಲ್ಲ. ಟ್ರೇಗೆ ಜೀವ ಇದ್ದು ಬಯಾಸ್‌ನಲ್ಲಿ ಇಲ್ಲ ಅಂದರೆ ಡೇಟಾ ಕಡೆ ನೋಡಿ. ಟ್ರೇಯೂ ಇಲ್ಲ, ದೀಪವೂ ಇಲ್ಲ ಅಂದರೆ ಪವರ್ ಕಡೆ.

ಪವರ್ ಅನುಮಾನ ಇರುವವರು ಮಲ್ಟಿಮೀಟರಿನ ಕಪ್ಪು ಕಡ್ಡಿ ಕಪ್ಪು ವೈರಿಗೆ, ಕೆಂಪು ಕಡ್ಡಿ ಹಳದಿ ವೈರಿಗೆ ಇಟ್ಟು ನೋಡಬೇಕು: 11.4ರಿಂದ 12.6 ವೋಲ್ಟ್ ಒಳಗಿರಬೇಕು. ಕೆಂಪು ವೈರಿನಲ್ಲಿ 4.75ರಿಂದ 5.25. ಅಳೆಯೋದು ಖಾಲಿ ಬಿಟ್ಟ ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ, ಅದೂ ಡಿಸ್ಕ್ ತಿರುಗಲು ಶುರು ಮಾಡುವ ಹೊತ್ತಿಗೆ. ಸುಮ್ಮನಿದ್ದಾಗ ಸರಿ ತೋರಿಸಿ ತಿರುಗುವಾಗ ಕುಸಿಯೋ ಹಳೇ ಎಸ್‌ಎಂಪಿಎಸ್ ಬೇಕಾದಷ್ಟಿವೆ.

ಅಂಕೋಲೆ ಇಶಾಡು
ಸರಿ, ಕೇಬಲ್ ಅಂತ ಒಪ್ಪಿದೆ. ಆದರೂ ಟ್ರೇ, ಲೆನ್ಸ್ ಎಲ್ಲ ಬಿಚ್ಚೋ ಬದಲು ಹೊಸದು ತರೋದೇ ಲೇಸು ಅಂತ ನನ್ನ ಅಭಿಪ್ರಾಯ.

ಕುಮಟಾ ಸ್ಕ್ರೂಡ್ರೈವರ್
ಕೊನೆಗೆ ಅಲ್ಲಿಗೇ ಹೋಗಬಹುದು. ಆದರೆ ಹುಬ್ಬಳ್ಳಿಯಿಂದಲೋ ಆನ್‌ಲೈನಿನಿಂದಲೋ ಹೊಸದು ಬರೋವರೆಗೆ ಹಳೇದರಿಂದ ಕೆಲಸ ತೆಗೆಯಬಹುದಲ್ಲ. ಟ್ರೇ ಬಗ್ಗೆ ಹೇಳ್ತೇನೆ.

ಟ್ರೇ ಮೋಟಾರಿಗೂ ಗೇರಿಗೂ ನಡುವೆ ಒಂದು ರಬ್ಬರ್ ಬೆಲ್ಟ್ ಇದೆ, ಸಣ್ಣ ಬಳೆಯಷ್ಟು. ವರ್ಷ ಕಳೆದ ಹಾಗೆ ಸಡಿಲಾಗಿ ಪುಲ್ಲಿ ಮೇಲೆ ಜಾರುತ್ತದೆ. ಆ ‘ಗುರ್’ ಸದ್ದು ಮೋಟಾರ್ ತಿರುಗಿ ಬೆಲ್ಟ್ ಜಾರೋದು. ಮೊದಲ ಎಳೆತವೇ ಕಷ್ಟದ್ದು, ಯಾಕೆಂದರೆ ಡಿಸ್ಕನ್ನು ಮೇಲಿಂದ ಹಿಡಿಯುವ ಬಿಲ್ಲೆ ಅಯಸ್ಕಾಂತದ ಬಲದಿಂದ ಕೆಳಗಿನ ಸ್ಪಿಂಡಲ್‌ಗೆ ಅಂಟಿಕೊಂಡಿರುತ್ತದೆ. ಡ್ರೈವ್ ಖಾಲಿ ಇದ್ದರೆ ಬಿಲ್ಲೆ ಸ್ಪಿಂಡಲ್‌ಗೆ ಇನ್ನೂ ಹತ್ತಿರ, ಹಿಡಿತ ಇನ್ನೂ ಬಿಗಿ. ಹಾಗಾಗಿ ಸದ್ಯಕ್ಕೆ ಒಂದು ಬೇಡದ ಡಿಸ್ಕ್ ಯಾವಾಗಲೂ ಒಳಗೇ ಬಿಡಿ, ಟ್ರೇ ಸಲೀಸಾಗಿ ಬರುತ್ತದೆ.

ಸರಿಯಾದ ರಿಪೇರಿಗೆ ಡ್ರೈವ್ ಹೊರಗೆ ತೆಗೆಯಬೇಕು. ಮುಂಭಾಗದಲ್ಲಿ ಸೂಜಿತೂತು ಇದೆಯಲ್ಲ, ಕರೆಂಟ್ ತೆಗೆದ ಮೇಲೆ ಬಿಡಿಸಿದ ಪೇಪರ್ ಕ್ಲಿಪ್ ನೇರವಾಗಿ ತೂರಿಸಿ ಒತ್ತಿ. ಟ್ರೇ ಒಂದು ಬೆರಳಷ್ಟು ಬರುತ್ತದೆ, ಉಳಿದದ್ದು ಕೈಯಲ್ಲಿ ಎಳೀರಿ. ಟ್ರೇಯ ಮುಂದಿನ ಪಟ್ಟಿಯನ್ನ ಮೇಲಕ್ಕೆ ಜಾರಿಸಿದರೆ ಕಳಚುತ್ತದೆ. ಆಮೇಲೆ ಡ್ರೈವ್ ಬೋರಲು ಹಾಕಿ ತಳದ ನಾಲ್ಕು ಸ್ಕ್ರೂ ತೆಗೆಯಿರಿ. ಮುಂಭಾಗದ ಮುಖವಾಡ ಬದಿಯ ಕ್ಲಿಪ್‌ಗಳಿಂದ ಕೂತಿರುತ್ತದೆ, ಒತ್ತಿ ಬಿಡಿಸಿ. ಮೇಲಿನ ತಗಡು ಬಂದರೆ ಮುಂದೆಯೇ ಬೆಲ್ಟ್ ಕಾಣುತ್ತದೆ. ಪುಲ್ಲಿ ಎರಡನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ಬೆಲ್ಟ್ ಸಿಗದಿದ್ದರೆ ಹಳೇದನ್ನೇ ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಬಿಟ್ಟು ಒರೆಸಿ ಒಣಗಿಸಿ ಹಾಕಿ. ಸ್ವಲ್ಪ ಕುಗ್ಗುತ್ತದೆ. ಕೆಲವು ವಾರದ ಮಾತು ಅಷ್ಟೇ, ಆದರೆ 60 ಡಿವಿಡಿ ಮುಗಿಸಬಹುದು. ಎಣ್ಣೆಗೈಯಲ್ಲಿ ಬೆಲ್ಟ್ ಮುಟ್ಟಬೇಡಿ.

ಸಿದ್ದಾಪುರ ಅಡಕೆ
ತಲೆಕೂದಲಿಗೆ ಕಟ್ಟೋ ರಬ್ಬರ್ ಬ್ಯಾಂಡ್ ಆಗ್ತದಾ?

ಕುಮಟಾ ಸ್ಕ್ರೂಡ್ರೈವರ್
ಆಗೋದಿಲ್ಲ. ದಪ್ಪ ಹೆಚ್ಚಾಗಿ ಪುಲ್ಲಿಯಿಂದ ಹಾರುತ್ತದೆ, ಸೆಖೆಗೆ ಅಂಟಾಗುತ್ತದೆ. ಟೇಪ್‌ರೆಕಾರ್ಡರ್ ರಿಪೇರಿಯವರ ಹತ್ತಿರ ಚೌಕ ಅಂಚಿನ ಬೆಲ್ಟ್ ಇರುತ್ತದೆ, ಹಳೇದನ್ನ ತೋರಿಸಿ ಒಂದು ಕೂದಲೆಳೆ ಚಿಕ್ಕದು ಕೇಳಿ.

ಯಲ್ಲಾಪುರ ಘಟ್ಟ
ಹೇಗೂ ಬಿಚ್ಚಿದ್ದಾರೆ, ಒಳಗೆ ಡಬ್ಲ್ಯೂಡಿ-40 ಒಂದು ಸಲ ಹೊಡೆದರೆ ಎಲ್ಲ ಸಲೀಸು.

ಶಿರಸಿ ಸರ್ಕೀಟು
ಬೇಡ, ಬೇಡ. ಅದು ಹಳೇ ಗ್ರೀಸನ್ನ ತೊಳೆದು ಬಿಡುತ್ತದೆ, ಬೆಲ್ಟಿಗೆ ತಾಗಿದರೆ ಮೊದಲಿಗಿಂತ ಹೆಚ್ಚು ಜಾರುತ್ತದೆ, ಅದರ ತುಂತುರು ಲೆನ್ಸಿನ ಮೇಲೆ ಎಣ್ಣೆಯ ಪರದೆ ಕಟ್ಟುತ್ತದೆ. ಲೆನ್ಸಿನ ಬಂಡಿ ಓಡುವ ಎರಡು ಉಕ್ಕಿನ ಸರಳಿನ ಮೇಲಿನ ಗಟ್ಟಿ ಗ್ರೀಸ್ ಒರೆಸಿ, ಪ್ಲಾಸ್ಟಿಕ್‌ಗೆ ಆಗುವ ಬಿಳಿ ಗ್ರೀಸ್ ಕಡಲೆಕಾಳಿಗಿಂತ ಕಡಿಮೆ ತಗೊಂಡು ತೆಳ್ಳಗೆ ಸವರಿ. ಅಷ್ಟೇ.

ಹೊನ್ನಾವರ ಬಂದರು
ಲೆನ್ಸ್ ಕ್ಲೀನರ್ ಡಿಸ್ಕ್ ಅಂತ ಬ್ರಷ್ ಇರೋದು ಸಿಗ್ತದೆ. ಅದನ್ನ ಹಾಕಿದರೆ ಬಿಚ್ಚೋ ಕೆಲಸ ಇಲ್ಲ.

ಶಿರಸಿ ಸರ್ಕೀಟು
ಸಡಿಲ ಧೂಳಿಗೆ ಮಾತ್ರ. ಕಂಪ್ಯೂಟರಿನ ಡ್ರೈವ್ ಡಿಸ್ಕನ್ನ ಸಿಡಿ ಪ್ಲೇಯರಿಗಿಂತ ಎಷ್ಟೋ ಪಟ್ಟು ಜೋರಾಗಿ ತಿರುಗಿಸುತ್ತದೆ, ಆ ವೇಗದಲ್ಲಿ ಬ್ರಷ್ ಲೆನ್ಸಿಗೆ ಬಡಿಯೋದು ಒಳ್ಳೇದಲ್ಲ. ಅಂಟು ಜಿಡ್ಡು ಅದಕ್ಕೆ ಹೋಗೋದೂ ಇಲ್ಲ.

ಕೈಯಲ್ಲಿ ಒರೆಸೋದೇ ಮೇಲು. 99 ಶೇಕಡಾ ಐಸೊಪ್ರೊಪೈಲ್, ಹೊಸ ಇಯರ್ ಬಡ್. ಒಂದು ಹನಿ ಹಾಕಿ ಹಿಂಡಿ, ತೊಟ್ಟಿಕ್ಕಬಾರದು. ಲೆನ್ಸ್ ನಿಂತಿರೋದು ಕೂದಲಿನಂಥ ನಾಲ್ಕು ತಂತಿಯ ಮೇಲೆ. ಭಾರ ಹಾಕದೆ ನಡುವಿನಿಂದ ಹೊರಕ್ಕೆ ಸುತ್ತಿಸಿ, ಒಣ ಬಡ್‌ನಿಂದ ಇನ್ನೊಮ್ಮೆ. ಉಗುರಿನ ಬಣ್ಣ ತೆಗೆಯೋ ಅಸಿಟೋನ್ ಮುಟ್ಟಿಸಬೇಡಿ, ಲೆನ್ಸ್ ಪ್ಲಾಸ್ಟಿಕ್ಕಿನದ್ದು, ಮಂಜಾಗುತ್ತದೆ. ಕೈಗೆ ಹಚ್ಚೋ ಸ್ಯಾನಿಟೈಸರ್ ಬೇಡ, ಅದರ ಗ್ಲಿಸರಿನ್ ಉಳಿಯುತ್ತದೆ.

ಮುಚ್ಚಳ ತೆಗೆದಿಟ್ಟು ಕರೆಂಟ್ ಕೊಟ್ಟು ಲೆನ್ಸನ್ನ ನೋಡೋದು ಮಾತ್ರ ಯಾರೂ ಮಾಡಬೇಡಿ. ಸಿಡಿಯ ಲೇಸರ್ 780 ನ್ಯಾನೊಮೀಟರ್, ಕಣ್ಣಿಗೆ ಕಾಣುವುದೇ ಇಲ್ಲ ಅನ್ನಬಹುದು. ರೈಟರಿನಲ್ಲಿ ಅದರ ಬಲ ಕಣ್ಣು ಕಳೆಯುವಷ್ಟಿದೆ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚೋದಿಲ್ಲ.

ಕಾಳಿದಂಡೆ (ಸದಾಶಿವಗಡ)
ಬೆಲ್ಟ್ ಕುದಿಸಿ ಹಾಕಿದ್ದಾಯ್ತು, ಟ್ರೇ ಒಂದೇ ಒತ್ತಿಗೆ ಬರ್ತಿದೆ! ಲೆನ್ಸ್ ಮೇಲೆ ಮಸುಕು ಇತ್ತು, ಒರೆಸಿದೆ. ಸಿಡಿ ಈಗ ಬೇಗ ಹಿಡಿಯುತ್ತೆ. ಡಿವಿಡಿ ಮಾತ್ರ ಹಾಗೇ. ಡಿಸ್ಕ್ ತಿರುಗೋದೇ ಇಲ್ಲ ಅನ್ನಿಸ್ತಿದೆ. ಮೋಟಾರ್ ಹೋಯ್ತಾ?

ಕುಮಟಾ ಸ್ಕ್ರೂಡ್ರೈವರ್
ಮೋಟಾರ್ ಒಂದೇ. ಸಿಡಿ ತಿರುಗಿಸೋ ಮೋಟಾರ್ ಡಿವಿಡಿ ತಿರುಗಿಸದೆ ಇರುತ್ತದೆಯೇ? ಡ್ರೈವ್ ಮೊದಲು ಲೆನ್ಸನ್ನ ಮೇಲೆ ಕೆಳಗೆ ಆಡಿಸಿ ಡಿಸ್ಕಿನಿಂದ ಬೆಳಕು ವಾಪಸ್ ಬರ್ತದಾ ಅಂತ ನೋಡುತ್ತದೆ. ಫೋಕಸ್ ಸಿಗದಿದ್ದರೆ ಬಹಳಷ್ಟು ಡ್ರೈವುಗಳು ಡಿಸ್ಕನ್ನ ತಿರುಗಿಸುವ ಗೋಜಿಗೇ ಹೋಗುವುದಿಲ್ಲ.

ಒಂದೇ ಲೆನ್ಸಿನ ಕೆಳಗೆ ಎರಡು ಲೇಸರ್ ಇವೆ: ಸಿಡಿಗೆ 780, ಡಿವಿಡಿಗೆ 650 ನ್ಯಾನೊಮೀಟರಿನ ಕೆಂಪು. ಒಂದು ಸತ್ತರೂ ಇನ್ನೊಂದು ಬದುಕಿರುತ್ತದೆ. ಲೆನ್ಸ್ ಕೊಳೆಯಾದರೂ ಮೊದಲು ಪೆಟ್ಟು ತಿನ್ನೋದು ಡಿವಿಡಿಯೇ, ಯಾಕೆಂದರೆ ಅದರ ಸಾಲುಗಳ ಅಂತರ 0.74 ಮೈಕ್ರಾನ್, ಸಿಡಿಯದ್ದು 1.6. ಅದಕ್ಕೇ ಮೊದಲು ಒರೆಸಿ ನೋಡು ಅನ್ನೋದು. ಒರೆಸಿದ ಮೇಲೂ ಒಂದು ಕಂಪನಿ ಡಿವಿಡಿ, ಒಂದು ಮನೆಯಲ್ಲಿ ಬರೆದ ಡಿವಿಡಿ, ಎರಡೂ ಓದದಿದ್ದರೆ ಕೆಂಪು ಲೇಸರ್ ಮುಗೀತು ಅಂತ ಲೆಕ್ಕ. ಕಂಪನಿಯದ್ದು ಓದಿ ಬರೆದದ್ದು ಮಾತ್ರ ಓದದಿದ್ದರೆ ಡಿಸ್ಕನ್ನೇ ಮೊದಲು ಅನುಮಾನಿಸಿ.

ಯಲ್ಲಾಪುರ ಘಟ್ಟ
ಲೇಸರ್ ಪಕ್ಕ ಸಣ್ಣ ಪ್ರಿಸೆಟ್ (ಕರೆಂಟ್ ಹೆಚ್ಚುಕಡಿಮೆ ಮಾಡೋ ತಿರುಪು) ಇರ್ತದೆ, ಸ್ವಲ್ಪ ತಿರುಗಿಸಿದರೆ ಬೆಳಕು ಹೆಚ್ಚಾಗಿ ಓದುತ್ತದೆ.

ಶಿರಸಿ ಸರ್ಕೀಟು
ಹಾಂಗಲ್ಲ ಮಾರಾಯ್ರೆ. ಮುಪ್ಪಾದ ಲೇಸರಿಗೆ ಕರೆಂಟ್ ಹೆಚ್ಚು ಕೊಟ್ಟರೆ ನಾಲ್ಕು ದಿನ ಓದಿ ಪೂರ್ತಿ ಸಾಯುತ್ತದೆ. ಅದನ್ನ ಸರಿಯಾಗಿ ಹೊಂದಿಸಲಿಕ್ಕೆ ಅಳತೆಯ ಉಪಕರಣ ಬೇಕು, ಕಣ್ಣಂದಾಜಿಗೆ ಆಗೋದಿಲ್ಲ. ಈ ಹಂತಕ್ಕೆ ಬಂದ ಮೇಲೆ ಹೊಸ ಡ್ರೈವೇ ಸರಿ.

ಅಂಕೋಲೆ ಇಶಾಡು
ಅದನ್ನೇ ನಾನು ಮೊದಲ ದಿನ ಹೇಳಿದ್ದು!

ಕುಮಟಾ ಸ್ಕ್ರೂಡ್ರೈವರ್
ಹೇಳಿದ್ದು ಹೌದು. ಆದರೆ ಆ ದಿನ ಹಳೇ ಕೇಬಲ್ಲಿಗೇ ಹೊಸ ಡ್ರೈವ್ ಸಿಕ್ಕಿಸಿದ್ದರೆ ಅದೂ ಮಾಯವಾಗ್ತಿತ್ತು.

ಭಟ್ಕಳ ಮಲ್ಲಿಗೆ
ಯುಎಸ್‌ಬಿಯೋ ಒಳಗಿನದ್ದೋ ಅನ್ನೋದಕ್ಕೆ: 60 ಡಿಸ್ಕ್ ಸತತವಾಗಿ ಓದಬೇಕಾದರೆ ಒಳಗಿನ ಪೂರ್ಣ ಗಾತ್ರದ್ದು ಮೇಲು. ಡಿವಿಡಿಯ 1ಎಕ್ಸ್ ಅಂದರೆ ಸೆಕೆಂಡಿಗೆ ಸುಮಾರು 1.38 ಎಂಬಿ. ಪೂರ್ಣ ಗಾತ್ರದ್ದು 16ಎಕ್ಸ್ ತನಕ ಓದುತ್ತದೆ, ತೆಳು ಯುಎಸ್‌ಬಿಯದ್ದು ಸಾಮಾನ್ಯವಾಗಿ 8ಎಕ್ಸ್. 8ಎಕ್ಸ್‌ನಲ್ಲಿ ಒಂದೇ ಸಮ ಓದಿದರೂ 4.7 ಜಿಬಿಗೆ ಏಳು ನಿಮಿಷ, ನಿಜದಲ್ಲಿ ಇನ್ನೂ ಹೆಚ್ಚು. ಜಾಗದ ಲೆಕ್ಕವೂ ಮಾಡಿಕೊಳ್ಳಿ: 60 ಡಿಸ್ಕ್ ತುಂಬಿದ್ದರೆ 282 ಜಿಬಿ.

ಯುಎಸ್‌ಬಿಯದ್ದೇ ತಗೊಂಡರೆ ಕ್ಯಾಬಿನೆಟ್ ಹಿಂದಿನ ಪೋರ್ಟಿಗೆ ಹಾಕಿ. ಯುಎಸ್‌ಬಿ 2.0 ಕೊಡೋದು 500 ಮಿಲಿಆಂಪ್, ಡಿಸ್ಕ್ ತಿರುಗಲು ಶುರುವಾಗುವಾಗ ಅದಕ್ಕಿಂತ ಹೆಚ್ಚು ಎಳೆಯಬಹುದು. ಮುಂದಿನ ಪೋರ್ಟಿನ ತೆಳು ವೈರಿನಲ್ಲಿ ಇನ್ನೂ ಕಡಿಮೆ. ಟಕ್ ಟಕ್ ಅಂತ ಸದ್ದಾಗಿ ಡ್ರೈವ್ ಬಿಟ್ಟು ಬಿಟ್ಟು ಹೋಗೋದು ಈ ಕಾರಣಕ್ಕೆ. 900 ಮಿಲಿಆಂಪಿನ ಯುಎಸ್‌ಬಿ 3.0 ನೀಲಿ ಪೋರ್ಟು ಒಳ್ಳೇದು.

ಸಿದ್ದಾಪುರ ಅಡಕೆ
ನಡುವೆ ಬಾಯಿ ಹಾಕ್ತಿದ್ದೇನೆ. ಅಗಲ ಪಟ್ಟಿ ಕೇಬಲ್ ಇರುವ ಹಳೇ ಯಂತ್ರಕ್ಕೆ ಏನು ಗತಿ? ವಿಂಡೋಸ್ ಎಕ್ಸ್‌ಪಿ. ಡಿವಿಡಿ ಓದೋದು ಆಮೆ ವೇಗದಲ್ಲಿ.

ಹೊನ್ನಾವರ ಬಂದರು
ಅದು 40 ಪಿನ್ನಿನ ಐಡಿಇ, ಸಾಟಾಕ್ಕೂ ಮುಂಚಿನದ್ದು. ಹಿಂದಿನ ಜಂಪರ್ (ಪಿನ್ನಿಗೆ ಸಿಕ್ಕಿಸುವ ಸಣ್ಣ ಟೋಪಿ) ನೋಡಿ. ಒಂದೇ ಕೇಬಲ್ಲಿನಲ್ಲಿ ಹಾರ್ಡ್ ಡಿಸ್ಕೂ ಡಿವಿಡಿಯೂ ಇದ್ದರೆ ಒಂದು ಮಾಸ್ಟರ್, ಇನ್ನೊಂದು ಸ್ಲೇವ್. ಎರಡೂ ಮಾಸ್ಟರ್ ಆದರೆ ಎರಡೂ ಗೊಂದಲ. 80 ತಂತಿಯ ಕೇಬಲ್ಲಿನಲ್ಲಿ ನೀಲಿ ತುದಿ ಬೋರ್ಡಿಗೆ, ಕಪ್ಪು ಮಾಸ್ಟರ್‌ಗೆ, ನಡುವಿನ ಬೂದು ಸ್ಲೇವ್‌ಗೆ.

ಆಮೆ ವೇಗಕ್ಕೆ ಕಾರಣ ಎಕ್ಸ್‌ಪಿಯೇ. ಒಟ್ಟು ಆರು ಸಲ ಟೈಮ್‌ಔಟ್ ಅಥವಾ ಸಿಆರ್‌ಸಿ ದೋಷ ಕಂಡರೆ ಅದು ಡೇಟಾ ಸಾಗಿಸುವ ವೇಗದ ದಾರಿ ಡಿಎಂಎ ಬಿಟ್ಟು ನಿಧಾನದ ಪಿಐಒಗೆ ಇಳಿಯುತ್ತದೆ, ಆಮೇಲೆ ತಾನಾಗಿ ಮೇಲೆ ಏರೋದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಸೆಕೆಂಡರಿ ಐಡಿಇ ಚಾನೆಲ್ ತೆರೆದು ‘ಪಿಐಒ’ ಅಂತಿದ್ದರೆ ಆ ಚಾನೆಲ್ಲನ್ನ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ.

ಸಿದ್ದಾಪುರ ಅಡಕೆ
ಪಿಐಒ ಅಂತಲೇ ಇತ್ತು! ಅನ್‌ಇನ್‌ಸ್ಟಾಲ್ ಮಾಡಿದೆ, ಸಿನಿಮಾ ಈಗ ತಡೆಯಿಲ್ಲದೆ ಓಡ್ತಿದೆ. ಉಪಕಾರ ಆಯ್ತು ಮಾರಾಯ್ರೆ.

ಕಾಳಿದಂಡೆ (ಸದಾಶಿವಗಡ)
ಒಳಗಿನ ಸಾಟಾ ರೈಟರ್ ತರಿಸಿದೆ, 24ಎಕ್ಸ್ ಅಂತ ಬರೆದಿದೆ. ಪೆಟ್ಟಿಗೆಯಲ್ಲಿ ಸ್ಕ್ರೂ ಇಲ್ಲ, ಕೇಬಲ್ ಇಲ್ಲ. ಹಾಕುವಾಗ ಏನು ಗಮನಿಸಬೇಕು?

ಕುಮಟಾ ಸ್ಕ್ರೂಡ್ರೈವರ್
24ಎಕ್ಸ್ ಅನ್ನೋದು ಬರೆಯುವ ವೇಗ. ಓದೋದು 16ಎಕ್ಸ್.

ಹಳೇ ಡ್ರೈವಿನ ಸ್ಕ್ರೂಗಳನ್ನೇ ಜೋಪಾನ ಮಾಡಿ. ಅವು ಎಂ3, ಸಣ್ಣ ಎಳೆಯವು, 5 ಮಿಮೀ ಉದ್ದ. ಹಾರ್ಡ್ ಡಿಸ್ಕಿನ ಸ್ಕ್ರೂ ದಪ್ಪ ಎಳೆಯದ್ದು, ಅದನ್ನ ಇದಕ್ಕೆ ತಿರುಗಿಸಿದರೆ ತೂತಿನ ಎಳೆ ಹಾಳು. ಉದ್ದದ ಸ್ಕ್ರೂ ಹಾಕಿದರೆ ಒಳಗಿನ ಭಾಗಕ್ಕೆ ತಾಗುತ್ತದೆ.

ಕ್ಯಾಬಿನೆಟ್ಟಿನ ಎರಡೂ ಬದಿ ಬಾಗಿಲು ತೆಗೆಯಿರಿ, ಬಲಗಡೆಯೂ ಸ್ಕ್ರೂ ಇರುತ್ತದೆ. ಕೇಬಲ್ ಎರಡೂ ಕಿತ್ತ ಮೇಲೆ ಡ್ರೈವನ್ನ ಹಿಂದಿನಿಂದ ದೂಡಿ ಮುಂದೆ ತೆಗೆಯಿರಿ. ಒಳಕ್ಕೆ ಎಳೆದರೆ ಮದರ್‌ಬೋರ್ಡಿಗೆ ತಾಗಬಹುದು. ಹೊಸದನ್ನೂ ಮುಂದಿನಿಂದಲೇ ಜಾರಿಸಿ. ಮುಖ ಕ್ಯಾಬಿನೆಟ್ ಮಟ್ಟಕ್ಕೆ ಬಂದ ಮೇಲೆ ನಾಲ್ಕೂ ಸ್ಕ್ರೂ ಅರೆಬರೆ ತಿರುಗಿಸಿ, ಟ್ರೇ ಬಿಟ್ಟು ನೋಡಿ, ಆಮೇಲೆ ಬಿಗಿ ಮಾಡಿ. ಒಂದು ಮೂಲೆ ವಿಪರೀತ ಬಿಗಿಯಾದರೆ ತಗಡು ಸೊಟ್ಟಗಾಗಿ ಟ್ರೇ ಉಜ್ಜುತ್ತದೆ.

ಕ್ಯಾಬಿನೆಟ್ ಮುಂದೆ ತಾನೇ ಮಡಚಿಕೊಳ್ಳುವ ಮುಚ್ಚಳ ಇದ್ದರೆ ಹೊಸ ಡ್ರೈವಿನ ಟ್ರೇಯ ಪ್ಲಾಸ್ಟಿಕ್ ಪಟ್ಟಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಟ್ರೇ ಹೊರಗೆ ತೆಗೆದು ಆ ಪಟ್ಟಿಯನ್ನ ಮೇಲಕ್ಕೆ ಜಾರಿಸಿ ತೆಗೆದಿಡಿ. ಹೊಸ ಡ್ರೈವಿನ ಗುಂಡಿ ಮುಚ್ಚಳದ ಗುಂಡಿಯ ಎದುರಿಗೆ ಬರ್ತದಾ ಅಂತಲೂ ನೋಡಬೇಕು. ಬರದಿದ್ದರೆ ವಿಂಡೋಸ್‌ನಲ್ಲಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಇಜೆಕ್ಟ್ ಕೊಡೋದೇ ದಾರಿ.

ಹೊನ್ನಾವರ ಬಂದರು
ಎಸ್‌ಎಂಪಿಎಸ್‌ನಲ್ಲಿ ಸಾಟಾ ಪವರ್ ತುದಿ ಕಡಿಮೆ ಬಿದ್ದರೆ ನಾಲ್ಕು ಪಿನ್ನಿನ ಮೊಲೆಕ್ಸ್‌ನಿಂದ ಸಾಟಾಗೆ ಕನ್ವರ್ಟರ್ ಸಿಗ್ತದೆ.

ಶಿರಸಿ ಸರ್ಕೀಟು
ಅದನ್ನ ನೋಡಿ ತಗೊಳ್ಳಬೇಕು. ಪ್ಲಾಸ್ಟಿಕ್ ಕರಗಿಸಿ ವೈರಿನ ಸುತ್ತ ಒಂದೇ ಗಟ್ಟಿಯಾಗಿ ಎರಕ ಹೊಯ್ದ ಕನ್ವರ್ಟರ್ ಬೇಡ. ಎರಕದಲ್ಲಿ ವೈರ್ ಸರಿದು ಹಳದಿಯೂ ಕಪ್ಪೂ ಒಳಗೇ ತಾಗಿ ಹೊತ್ತಿ ಉರಿದ ಉದಾಹರಣೆ ಬಹಳ. ಪ್ರತಿ ವೈರ್ ಬೇರೆ ಬೇರೆಯಾಗಿ ಪಿನ್ನಿಗೆ ಕ್ರಿಂಪ್ ಆಗಿ, ಹಿಂದೆ ತೆಗೆಯುವಂಥ ಮುಚ್ಚಳ ಇರುವುದನ್ನೇ ಕೇಳಿ. ಒಳ್ಳೇ ವೈರೇ ಇಲ್ಲದಿದ್ದರೆ ಎಸ್‌ಎಂಪಿಎಸ್ ಬದಲಿಸೋದು ವಾಸಿ.

ಕಾಳಿದಂಡೆ (ಸದಾಶಿವಗಡ)
ಹಾಕಿಯಾಯ್ತು. ಪಟ್ಟಿ ತೆಗೆಯಬೇಕಾಯ್ತು, ಆ ಸಲಹೆ ಇಲ್ಲದಿದ್ದರೆ ಮುಚ್ಚಳ ಮುರೀತಿತ್ತು. ಡಿವಿಡಿ ಓದ್ತಿದೆ. 14 ಇಳಿಸಿದೆ. ಎರಡು ಡಿಸ್ಕ್ ತಕರಾರು: ಒಂದನ್ನ ವಿಂಡೋಸ್ ‘ಖಾಲಿ ಡಿಸ್ಕ್’ ಅಂತಿದೆ, ಆದರೆ ಕೆಳಗೆ ಬರೆದ ಗುರುತು ಬಣ್ಣದಲ್ಲಿ ಕಾಣ್ತದೆ. ಇನ್ನೊಂದು 80 ಶೇಕಡಾ ಹತ್ತಿರ ನಿಂತುಬಿಡುತ್ತೆ.

ತಾಳಮದ್ದಳೆ
ಮೊದಲನೆಯದಕ್ಕೆ: ‘ಈ ಡಿಸ್ಕನ್ನು ಹೇಗೆ ಬಳಸಬೇಕು’ ಅಂತ ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ. ಬೇರೆ ಏನನ್ನೂ ಒತ್ತಬೇಡಿ, ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ಡಿವಿಡಿ ಕ್ಯಾಮರಾ ಅಥವಾ ಡಿವಿಡಿ ರೆಕಾರ್ಡರಿನಲ್ಲಿ ಬರೆದು ‘ಫೈನಲೈಸ್’ ಮಾಡದೆ ಬಿಟ್ಟ ಡಿಸ್ಕ್ ಅದು. ದೃಶ್ಯ ಒಳಗಿದೆ, ಪಟ್ಟಿ ಮಾತ್ರ ಬರೆದಿಲ್ಲ. ಬರೆದ ಯಂತ್ರವೇ ಸಿಕ್ಕರೆ ಅದರಲ್ಲಿ ಫೈನಲೈಸ್ ಮಾಡಿಸಿ. ಸಿಗದಿದ್ದರೆ ಐಸೊಬಸ್ಟರ್ ಥರದ ಸಾಫ್ಟ್‌ವೇರ್ ಅಂಥ ಡಿಸ್ಕಿನ ಒಳಗೂ ನೋಡುತ್ತದೆ.

ಎರಡನೆಯದಕ್ಕೆ: ಡಿಸ್ಕ್ ಓದೋದು ನಡುವಿನಿಂದ ಅಂಚಿಗೆ. ತುಂಬಿದ ಒಂದು ಪದರದ ಡಿಸ್ಕ್ 80 ಶೇಕಡಾದಲ್ಲಿ ನಿಂತಿತು ಅಂದರೆ ಹೊರ ಅಂಚಿನ ಕಡೆ ಕೊಳೆಯೋ ಗೀರೋ ಬೂಷ್ಟೋ ಇದೆ. ತಣ್ಣೀರಿಗೆ ಒಂದು ಹನಿ ಪಾತ್ರೆ ತೊಳೆಯೋ ಸೋಪು, ಬೆರಳಲ್ಲಿ ಮೆತ್ತಗೆ ತೊಳೆದು, ಮೆತ್ತನೆ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಒರೆಸಿ. ಸುತ್ತ ಸುತ್ತ ಒರೆಸಬೇಡಿ. ಸುತ್ತಲಿನ ಗೀರು ಸಾಲಿನ ಉದ್ದಕ್ಕೂ ಹೋಗುತ್ತದೆ, ದೋಷ ತಿದ್ದುವ ಲೆಕ್ಕಕ್ಕೆ ಅದು ಸಿಗೋದಿಲ್ಲ. ಅಡ್ಡ ಗೀರನ್ನ ಡ್ರೈವ್ ಬಹುಮಟ್ಟಿಗೆ ಸುಧಾರಿಸಿಕೊಳ್ಳುತ್ತದೆ.

ತೊಳೆದ ಮೇಲೂ ನಿಂತರೆ ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕಿನಿಂದ ಓದಲಾದಷ್ಟು ನಕಲು ತೆಗೆಯುವ ಸಾಫ್ಟ್‌ವೇರ್) ಓಡಿಸಿ. ಬ್ಲಾಕ್ ಗಾತ್ರ 2048 ಕೊಡಿ, ಎಲ್ಲಿ ಓದಿದೆ, ಎಲ್ಲಿ ಇಲ್ಲ ಅಂತ ಬರೆದಿಡುವ ಮ್ಯಾಪ್ ಫೈಲ್ ಹೆಸರು ತಪ್ಪದೆ ಕೊಡಿ. ಅದು ಸುಲಭದ ಭಾಗ ಮೊದಲು ತೆಗೆದು ಕಷ್ಟದ್ದಕ್ಕೆ ಆಮೇಲೆ ಬರುತ್ತದೆ.

ಭಟ್ಕಳ ಮಲ್ಲಿಗೆ
ಸಿಡಿಗೆ ಮಾತ್ರ ಮೇಲ್ಭಾಗದ ಗೀರು ಕೂಡ ಅಷ್ಟೇ ಅಪಾಯ. ಸಿಡಿಯ ಮಾಹಿತಿ ಪದರ ಹೆಸರು ಬರೆಯೋ ಬದಿಗೆ ಅಂಟಿಕೊಂಡೇ ಇದೆ, ಮೇಲೆ ತೆಳು ವಾರ್ನಿಶ್ ಅಷ್ಟೇ. ಡಿವಿಡಿಯಲ್ಲಿ ತಲಾ 0.6 ಮಿಮೀ ಎರಡು ಹಾಳೆಯ ನಡುವೆ ಇದೆ.

ಅಂಕೋಲೆ ಇಶಾಡು
ಮಳೆಗಾಲದಲ್ಲಿ ಕಂಪ್ಯೂಟರಿಗೆ ಪ್ಲಾಸ್ಟಿಕ್ ಕವರ್ ಹಾಕಿಟ್ಟರೆ ಈ ಕಿಲುಬು ತಪ್ಪುತ್ತದಾ?

ಶಿರಸಿ ಸರ್ಕೀಟು
ಉಲ್ಟಾ. ಒದ್ದೆ ಹವೆ ಒಳಗೇ ಉಳಿಯುತ್ತದೆ. ಬಟ್ಟೆ ಹೊದಿಕೆ ಹಾಕಿ. ಜೂನ್‌ನಿಂದ ಸೆಪ್ಟೆಂಬರ್ ತನಕ ದಿನಕ್ಕೆ ಒಂದು ತಾಸಾದರೂ ಆನ್ ಮಾಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಕಡಲ ಕಡೆಯ ಕಿಟಕಿಯ ಕೆಳಗೆ ಇಡಬೇಡಿ.

ತಾಳಮದ್ದಳೆ
ಡಿಸ್ಕುಗಳನ್ನ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ನಿಲ್ಲಿಸಿ ಇಡಿ. ಮೇಲೆ ಕಾಗದದ ಲೇಬಲ್ ಅಂಟಿಸಬೇಡಿ, ತೂಕ ಒಂದು ಕಡೆಗೆ ಎಳೆದು ಡಿಸ್ಕ್ ನಡುಗುತ್ತದೆ. ಈಗಾಗಲೇ ಅಂಟಿಸಿದ್ದನ್ನ ಕೀಳಲೂ ಬೇಡಿ, ಸಿಡಿಯಾದರೆ ಪದರವೇ ಕಿತ್ತು ಬರಬಹುದು.

ಕಾಳಿದಂಡೆ (ಸದಾಶಿವಗಡ)
ತೊಳೆದೆ. 80ರಲ್ಲಿ ನಿಲ್ಲುತ್ತಿದ್ದದ್ದು 97ರವರೆಗೆ ಬಂತು. ಡಿಡಿರೆಸ್ಕ್ಯೂ ಓಡ್ತಿದೆ. ಹಳೇ ಡ್ರೈವನ್ನ ಗುಜರಿಗೆ ಹಾಕಲಾ?

ತಾಳಮದ್ದಳೆ
ಆಡಿಯೊ ಸಿಡಿ ಇದ್ದರೆ ಇಟ್ಟುಕೊಳ್ಳಿ, ಅದರ ಸಿಡಿ ಲೇಸರ್ ಚೆನ್ನಾಗೇ ಇದೆಯಲ್ಲ. ಉಳಿದ 3 ಶೇಕಡಾಕ್ಕೆ ಡಿವಿಡಿ ಓದುವ ಇನ್ನೊಂದು ಡ್ರೈವ್ ಯಾರದ್ದಾದರೂ ಒಂದು ದಿನಕ್ಕೆ ತಂದು ಅದೇ ಮ್ಯಾಪ್ ಫೈಲ್ ಕೊಟ್ಟು ಮುಂದುವರಿಸಿ. ಒಂದು ಡ್ರೈವ್ ಓದದ ಸೆಕ್ಟರ್ ಇನ್ನೊಂದು ಓದುವುದು ಸಾಮಾನ್ಯ.

ಅಂಕೋಲೆ ಇಶಾಡು
ಯುಎಸ್‌ಬಿ ಡ್ರೈವ್ ನನ್ನ ಹತ್ತಿರ ಇದೆ. ಭಾನುವಾರ ಕಾರವಾರಕ್ಕೆ ಬರುವವನಿದ್ದೇನೆ, ತರ್ತೇನೆ.

ಕಾಳಿದಂಡೆ (ಸದಾಶಿವಗಡ)
ತನ್ನಿ ಅಣ್ಣ. ಹಿಂದಿನ ನೀಲಿ ಪೋರ್ಟು ಖಾಲಿ ಇಟ್ಟಿರ್ತೇನೆ.